ಮನೆಮಂದಿಯೆಲ್ಲ ನೆಟ್ ಬಳಸುವಾಗ ಗೇಮ್ ಲ್ಯಾಗ್: ಪ್ಲಾನ್ ಬದಲಿಸುವ ಮೊದಲು

ಮಾನ್ಯ ಸಂಪಾದಕರೆ,

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲೂ ಫೈಬರ್ ನೆಟ್ ಬಂದ ಮನೆಗಳಲ್ಲಿ ರಾತ್ರಿ ಎಂಟರ ಮೇಲೆ ನಡೆಯುವ ಜಗಳ ಒಂದೇ ನಮೂನೆಯದು. ಮಗ ಒಳಕೋಣೆಯಿಂದ "ಪಿಂಗ್ ಮುನ್ನೂರಾತು, ಯಾರು ಎಂತ ಡೌನ್‌ಲೋಡ್ ಹಾಕಿದ್ದು?" ಎಂದು ಕೂಗುತ್ತಾನೆ. ಪಿಂಗ್ ಎಂದರೆ ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡು; ಅದು ಏರಿದರೆ ಆಟ ತಡೆದು ತಡೆದು ಓಡುತ್ತದೆ, ಅದೇ ಲ್ಯಾಗ್. ಅಪ್ಪ ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡು ಯಕ್ಷಗಾನ ನೋಡುತ್ತಿರುತ್ತಾರೆ, ಅಕ್ಕ ಬೆಂಗಳೂರಿನ ಆಫೀಸಿನವರ ಜೊತೆ ವಿಡಿಯೊ ಮೀಟಿಂಗಿನಲ್ಲಿರುತ್ತಾಳೆ, ಅಮ್ಮನ ಫೋನು ಚಾರ್ಜಿಗೆ ಬಿದ್ದಿರುತ್ತದೆ. ಯಾರೂ ಏನೂ "ಹಾಕಿಲ್ಲ". ಮರುದಿನ 50 ಎಂಬಿಪಿಎಸ್ ಪ್ಲಾನನ್ನು 100ಕ್ಕೆ ಏರಿಸುತ್ತಾರೆ, ನಾಲ್ಕು ದಿನ ಸರಿಯಾದ ಹಾಗೆ ಕಾಣುತ್ತದೆ, ಆಮೇಲೆ ಮತ್ತದೇ ರಾಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕೆಲಸ ಇದು. ತಿಂಗಳು ತಿಂಗಳು ಹೆಚ್ಚಿನ ಬಿಲ್ಲು ಕಟ್ಟುವ ಮೊದಲು ಹತ್ತು ನಿಮಿಷ ಪರೀಕ್ಷೆ ಮಾಡಿದರೆ ಕಾಯಿಲೆ ಎಲ್ಲಿದೆ ಎಂದು ಮನೆಯವರೇ ಕಂಡುಕೊಳ್ಳಬಹುದು. ಅದಕ್ಕಾಗಿ ಈ ಪತ್ರ.

ಗೇಮಿಗೆ ಬೇಕಾದ ಡೇಟಾ ತೀರ ಕಡಿಮೆ. ಕೌಂಟರ್-ಸ್ಟ್ರೈಕ್, ವ್ಯಾಲರಂಟ್‌ನಂಥ ಕಂಪ್ಯೂಟರ್ ಆಟಗಳಿಗೆ 1 ಎಂಬಿಪಿಎಸ್ ಆಸುಪಾಸು ಸಾಕು, ಬಿಜಿಎಂಐನಂಥ ಮೊಬೈಲ್ ಆಟಕ್ಕೆ ಅದಕ್ಕಿಂತಲೂ ಕಡಿಮೆ. ಅದೇ ನೆಟ್‌ಫ್ಲಿಕ್ಸ್ 1080 ಗುಣಮಟ್ಟದ ವಿಡಿಯೊಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಬೇಕು ಎನ್ನುತ್ತದೆ. ಹಾಗಾಗಿ 50ರ ಲೈನಿನಲ್ಲಿ ಗೇಮಿಗೆ ಜಾಗ ಸಾಲುವುದಿಲ್ಲ ಎಂಬ ಮಾತೇ ಇಲ್ಲ. ದೂರವೂ ಕಾರಣವಲ್ಲ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಕಾರವಾರದಿಂದ ಮುಂಬೈ ನೇರ ಅಳತೆಯಲ್ಲಿ ಸುಮಾರು 500 ಕಿ.ಮೀ.; ಹೋಗಿ ಬರಲು 5 ಮಿಲಿಸೆಕೆಂಡು. ಲೈನು ಬೆಂಗಳೂರನ್ನೋ ಇನ್ನೊಂದು ಊರನ್ನೋ ಸುತ್ತಿ ಹೋದರೂ 30-40ರಲ್ಲಿ ಮುಗಿಯಬೇಕು. ಹಾಗಾದರೆ ಉಳಿದ 260 ಮಿಲಿಸೆಕೆಂಡು ಎಲ್ಲಿ ಕಳೆಯಿತು?

ಸರದಿಯಲ್ಲಿ ಕಳೆಯಿತು. ಅರಬೈಲು ಘಟ್ಟದಲ್ಲಿ ಲೋಡು ಲಾರಿಗಳ ಸಾಲಿನ ಹಿಂದೆ ಸಿಕ್ಕಿಬಿದ್ದ ಬೈಕನ್ನು ನೆನೆಸಿಕೊಳ್ಳಿ. ಬೈಕಿಗೆ ಬೇಕಾದ ಜಾಗ ಒಂದು ಮೊಳ. ಆದರೆ ಮುಂದೆ ನಲವತ್ತು ಲಾರಿ ಇದ್ದರೆ ಅದೂ ಲಾರಿಯ ವೇಗದಲ್ಲೇ ಹತ್ತಬೇಕು. ನೆಟ್‌ನಲ್ಲಿ ಡೇಟಾ ಓಡುವುದು ಪ್ಯಾಕೆಟ್ಟು ಎಂಬ ತುಂಡುಗಳಲ್ಲಿ. ಗೇಮಿನ ಪುಟಾಣಿ ಪ್ಯಾಕೆಟ್ಟು ಆ ಬೈಕು. ನಿಮ್ಮ ಮನೆಯ ಮೋಡೆಮ್‌ನಲ್ಲೂ ಅತ್ತ ಕಂಪನಿಯ ಕಡೆಯ ಯಂತ್ರದಲ್ಲೂ ಪ್ಯಾಕೆಟ್ಟುಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಬಫರ್ ಇರುತ್ತದೆ. ಡೌನ್‌ಲೋಡಾಗಲಿ, ಅಪ್‌ಲೋಡಾಗಲಿ, ದೊಡ್ಡ ಫೈಲು ಕಳಿಸುವ ಟಿಸಿಪಿ ಎಂಬ ವ್ಯವಸ್ಥೆ ಪ್ಯಾಕೆಟ್ಟು ಕಳೆದುಹೋಗುವವರೆಗೂ ವೇಗ ಏರಿಸುತ್ತಲೇ ಹೋಗುತ್ತದೆ. ಬಫರ್ ದೊಡ್ಡದಿದ್ದಷ್ಟೂ ಪ್ಯಾಕೆಟ್ಟು ಕಳೆಯುವುದು ತಡ, ಅಷ್ಟರಲ್ಲಿ ಸಾಲು ಮೈಲುದ್ದ. ಲೆಕ್ಕ ಹಾಕಿ: ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ 1500 ಬೈಟಿನ ಒಂದು ತುಂಬು ಪ್ಯಾಕೆಟ್ಟು ಹೊರಗೆ ಹೋಗಲು 1.2 ಮಿಲಿಸೆಕೆಂಡು ಬೇಕು. ಬಫರಿನಲ್ಲಿ ಅಂಥ 250 ಪ್ಯಾಕೆಟ್ಟು ಮುಂದೆ ನಿಂತಿದ್ದರೆ ನಿಮ್ಮ ಗುಂಡು ಹೊರಡುವುದೇ 300 ಮಿಲಿಸೆಕೆಂಡು ಕಳೆದ ಮೇಲೆ. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಬಫರಿಗೆ ಹೊಟ್ಟೆ ಉಬ್ಬರ ಎನ್ನಬಹುದು.

ಪ್ಲಾನ್ ದೊಡ್ಡದು ಮಾಡಿದಾಗ ಸಾಲು ಬೇಗ ಕರಗುತ್ತದೆ, ನಿಜ. ಆದರೆ ಕಳಿಸುವವನು ಹೊಸ ವೇಗಕ್ಕೂ ಮಿತಿ ಮುಟ್ಟುವವರೆಗೆ ತುಂಬುತ್ತಾನೆ. ಗೇಮ್ ಅಪ್‌ಡೇಟು 50ರಲ್ಲಿ 50ನ್ನೂ ತಿನ್ನುತ್ತದೆ, 200ರಲ್ಲಿ 200ನ್ನೂ ತಿನ್ನುತ್ತದೆ.

ಈಗ ಪರೀಕ್ಷೆ. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ಇಂಗ್ಲಿಷಿನಲ್ಲಿ ಪಿಂಗ್ ಎಂದು ಬರೆದು, ಜಾಗ ಬಿಟ್ಟು, ರೂಟರ್‌ನ ವಿಳಾಸ (ಬಹಳ ಕಡೆ 192.168.1.1 ಅಥವಾ 192.168.0.1), ಮತ್ತೆ ಜಾಗ ಬಿಟ್ಟು ಅಡ್ಡಗೆರೆ ಮತ್ತು ಟಿ ಅಕ್ಷರ. ಇನ್ನೊಂದರಲ್ಲಿ ರೂಟರ್ ವಿಳಾಸದ ಬದಲು 8.8.8.8 (ಮನೆಯ ಹೊರಗಿನ ಗೂಗಲ್ ಸರ್ವರ್). ಎರಡೂ ಸೆಕೆಂಡಿಗೊಂದು ಸಾಲು ಬರೆಯುತ್ತ ಹೋಗುತ್ತವೆ. ಮೊದಲು ಎರಡು ನಿಮಿಷ ಮನೆಯಲ್ಲಿ ಯಾರೂ ನೆಟ್ ಮುಟ್ಟಬಾರದು. ಆಮೇಲೆ ಒಂದು ಫೋನಿನಿಂದ ದೊಡ್ಡ ವಿಡಿಯೊ ಒಂದನ್ನು ಡ್ರೈವ್‌ಗೆ ಅಪ್‌ಲೋಡ್ ಹಾಕಿ ಎರಡು ನಿಮಿಷ ನೋಡಿ. ಕೊನೆಗೆ ದೊಡ್ಡ ಫೈಲೊಂದನ್ನು ಡೌನ್‌ಲೋಡ್ ಹಾಕಿ ಇನ್ನೆರಡು ನಿಮಿಷ. ಕಂಟ್ರೋಲ್ ಮತ್ತು ಸಿ ಒತ್ತಿದರೆ ಕನಿಷ್ಠ, ಗರಿಷ್ಠ, ಸರಾಸರಿ, ಕಳೆದ ಪ್ಯಾಕೆಟ್ಟು ಎಲ್ಲ ತೋರಿಸಿ ನಿಲ್ಲುತ್ತದೆ. ಲ್ಯಾಪ್‌ಟಾಪ್ ಇಲ್ಲದವರು ಫೋನಿನಲ್ಲಿ ಫಾಸ್ಟ್ ಡಾಟ್ ಕಾಮ್ ತೆರೆದು ಹೆಚ್ಚಿನ ಮಾಹಿತಿ ಒತ್ತಲಿ. ಅಲ್ಲಿ ಖಾಲಿ ಲೈನಿನ ಲೇಟೆನ್ಸಿ (ಪಿಂಗ್‌ನದೇ ಇನ್ನೊಂದು ಹೆಸರು), ತುಂಬಿದ ಲೈನಿನ ಲೇಟೆನ್ಸಿ ಎಂದು ಎರಡು ಅಂಕೆ ಬರುತ್ತವೆ. ಮೊದಲನೆಯದು 20, ಎರಡನೆಯದು 250 ಇದ್ದರೆ ರೋಗ ಸಿಕ್ಕಿತು. ಜನ ಆ ಪುಟದ ದೊಡ್ಡ ಅಂಕೆಯನ್ನಷ್ಟೇ ನೋಡಿ ಮುಚ್ಚುತ್ತಾರೆ.

ಅಂಕೆ ಓದುವ ಬಗೆ ಹೀಗೆ. ಲೋಡು ಬಿದ್ದಾಗ ರೂಟರ್‌ಗೆ ಹೋಗುವ ಪಿಂಗೇ 50, 120, 9, 200 ಎಂದು ಕುಣಿದರೆ ತೊಂದರೆ ನಿಮ್ಮ ಮನೆಯ ವೈ-ಫೈನದು. ರೂಟರ್ ಪಿಂಗ್ 2-5ರಲ್ಲಿ ಗಟ್ಟಿ ನಿಂತು 8.8.8.8 ಮಾತ್ರ ಮೇಲೇರಿದರೆ ಅದು ಬಫರಿನ ಸಾಲು. ಖಾಲಿ ಲೈನಿನಲ್ಲೂ ಹೊರಗಿನ ಪಿಂಗ್ ಕುಣಿಯುತ್ತಿದ್ದರೆ ಲೈನು ಅಥವಾ ಕಂಪನಿಯ ಕಡೆ ನೋಡಬೇಕು. ರೂಟರ್ ಒಮ್ಮೊಮ್ಮೆ ಪಿಂಗ್‌ಗೆ ತಡವಾಗಿ ಉತ್ತರಿಸುವುದುಂಟು, ಒಂದೆರಡು ಸಾಲು ಜಿಗಿದರೆ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ಜಿಲ್ಲೆಯ ಮನೆಗಳಲ್ಲಿ ವೈ-ಫೈನದ್ದೇ ಒಂದು ಕತೆ. ಚಿರೆಕಲ್ಲಿನ ಗೋಡೆ ದಪ್ಪ, ಮಳೆಗಾಲದಲ್ಲಿ ನೀರು ಕುಡಿದ ಮೇಲೆ ಸಿಗ್ನಲ್ ಇನ್ನಷ್ಟು ನುಂಗುತ್ತದೆ. ಲೈನಿನವರು ಜಗುಲಿಯ ಮೂಲೆಗೆ ರೂಟರ್ ಹೊಡೆದು ಹೋಗಿರುತ್ತಾರೆ, ಆಡುವವನು ಎರಡು ಗೋಡೆ ಆಚೆ ಇರುತ್ತಾನೆ. ವೈ-ಫೈನ ವೇಗದ ಅಲೆ 5 ಗಿಗಾಹರ್ಟ್ಸ್ ಅಲ್ಲಿಗೆ ತಲುಪುವುದಿಲ್ಲ, ಫೋನು ತಾನಾಗಿ 2.4ಕ್ಕೆ ಇಳಿಯುತ್ತದೆ. ವೈ-ಫೈನಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬೇಕು. ದೂರದ ಕೋಣೆಯ ಹಳೆ ಫೋನು ಸಿಗ್ನಲ್ ಇಲ್ಲದೆ 6 ಎಂಬಿಪಿಎಸ್ ದರದಲ್ಲಿ ತೊದಲುತ್ತಿದ್ದರೆ, ಅದು ಮಾತು ಮುಗಿಸುವವರೆಗೆ ಪಕ್ಕದಲ್ಲೇ ಇರುವ ಹೊಸ ಫೋನೂ ಕಾಯಬೇಕು. ಹಾಗಾಗಿ ದೋಷ ಆಡುವವನ ಫೋನಿನಲ್ಲೇ ಇರಬೇಕೆಂದಿಲ್ಲ. 2.4ರಲ್ಲಿ ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ, ಚಾನೆಲ್ 1, 6, 11ರಲ್ಲಿ ಒಂದನ್ನೇ ಆರಿಸಿ. 3, 4, 8 ಎಂದಿಟ್ಟರೆ ಎರಡೂ ಪಕ್ಕದವರ ಗದ್ದಲ ನಿಮ್ಮ ಪಾಲಿಗೆ. ಡಬ್ಲ್ಯುಎಂಎಂ (ವೈ-ಫೈನಲ್ಲಿ ತುರ್ತಿನ ಪ್ಯಾಕೆಟ್ಟಿಗೆ ಆದ್ಯತೆ) ಎಂಬ ಆಯ್ಕೆ ಕಂಡರೆ ಅದನ್ನು ಆಫ್ ಮಾಡಬೇಡಿ, ಆಫ್ ಮಾಡಿದರೆ ವೈ-ಫೈ ಹಳೆಯ 54 ಎಂಬಿಪಿಎಸ್ ಕಾಲಕ್ಕೆ ಇಳಿಯುತ್ತದೆ. ಎಕ್ಸ್‌ಟೆಂಡರ್ ತಂದು ಸಿಗ್ನಲ್ ಕಡ್ಡಿ ಪೂರ್ತಿ ಮಾಡಿಕೊಂಡು ಖುಷಿಪಡುವವರಿದ್ದಾರೆ. ಅಗ್ಗದ ಎಕ್ಸ್‌ಟೆಂಡರ್ ಕೇಳಿದ್ದನ್ನೇ ಅದೇ ಚಾನೆಲ್ಲಿನಲ್ಲಿ ಮತ್ತೆ ಹೇಳುತ್ತದೆ, ವೇಗ ಅರ್ಧ, ಕಾಯುವುದು ಎರಡರಷ್ಟು.

ಇದಕ್ಕೆ ಮದ್ದು ತಂತಿ. ಪಿಸಿ, ಪ್ಲೇಸ್ಟೇಷನ್, ಟಿವಿ — ಜಾಗ ಬಿಟ್ಟು ಕದಲದ ಎಲ್ಲವಕ್ಕೂ ಲ್ಯಾನ್ ಕೇಬಲ್ ಎಳೆಯಿರಿ. ಟಿವಿಗೆ ಎಳೆದರೂ ಗೇಮಿಗೇ ಲಾಭ, ವೈ-ಫೈನ ಹೊರೆ ಇಳಿಯಿತಲ್ಲ. ಕ್ಯಾಟ್-6, ಅಪ್ಪಟ ತಾಮ್ರದ್ದು ಕೇಳಿ ತನ್ನಿ. ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಆದರೆ ಪಿನ್ ಒತ್ತುವಾಗ ಮುರಿಯುತ್ತದೆ, ಕರಾವಳಿಯ ಉಪ್ಪುಗಾಳಿಗೆ ತುದಿ ಬೇಗ ಕೆಡುತ್ತದೆ. ಒಂದು ಕೇಬಲ್ 100 ಮೀಟರ್ ಮೀರಬಾರದು. ಪಿನ್ ಹಾಕುವ ಬಣ್ಣದ ಕ್ರಮ, ಕ್ಲಿಪ್ಪು ಕೆಳಗೆ ಮಾಡಿ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೀಲಿ ಜೋಡಿ ಹಸಿರಿನ ಎರಡು ತಂತಿಗಳ ನಡುವೆ ಬರುತ್ತದೆ, ಹೊಸಬರು ತಪ್ಪುವುದು ಅಲ್ಲೇ. ಇನ್ನೊಂದು ಎಚ್ಚರ: ಮನೆಯಿಂದ ಕೊಟ್ಟಿಗೆಗೋ ತೋಟದ ಮನೆಗೋ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆಯಬೇಡಿ. ಮಳೆ ಹಿಡಿಯುವ ಮುಂಚಿನ ಸಿಡಿಲಿನ ದಿನಗಳಲ್ಲಿ ಎರಡೂ ಕಡೆಯ ಯಂತ್ರ ಸುಡುತ್ತದೆ. ಅಲ್ಲಿಗೆ ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ) ಹಾಕುವುದೇ ಸರಿ.

ಇನ್ನು ಬಫರಿನ ಸಾಲು. ಖರ್ಚಿಲ್ಲದ ಕೆಲಸ ಮೊದಲು. ತುಂಬ ಸಲ ಅಪರಾಧಿ ಆ ಚಾರ್ಜಿಗೆ ಬಿದ್ದ ಫೋನು. ಮದುವೆಗೆ ಹೋಗಿ ಬಂದ ರಾತ್ರಿ ಅದರಲ್ಲಿ 4 ಎಂಬಿಯ 300 ಫೋಟೊ, 200 ಎಂಬಿಯ ಐದು ವಿಡಿಯೊ ಇವೆ ಎನ್ನಿ, ಒಟ್ಟು 2.2 ಜಿಬಿ. ಮನೆಗೆ ಬಂದು ವೈ-ಫೈ ಸಿಕ್ಕಿದ್ದೇ ಗೂಗಲ್ ಫೋಟೋಸ್ ಬ್ಯಾಕಪ್ ಶುರುಮಾಡುತ್ತದೆ. ಅಪ್‌ಲೋಡ್ 20 ಎಂಬಿಪಿಎಸ್ ಇದ್ದರೆ ಸುಮಾರು 15 ನಿಮಿಷ, 5 ಇದ್ದರೆ ಒಂದು ತಾಸು ಲೈನು ಮೂಗಿನ ಮಟ್ಟ. ಅಮ್ಮ "ನಾನೆಂತೂ ಮಾಡಿದ್ದಿಲ್ಲೆ" ಎನ್ನುವುದು ಸುಳ್ಳಲ್ಲ. ಆಟದ ಹೊತ್ತಿಗೆ ಬ್ಯಾಕಪ್ ಆರಿಸಿಟ್ಟು ಬೆಳಿಗ್ಗೆ ಹಾಕಿದರಾಯಿತು. ಕ್ಲೌಡಿಗೆ ಸದಾ ವಿಡಿಯೊ ಕಳಿಸುವ ಸಿಸಿಟಿವಿ ಕ್ಯಾಮೆರಾ ಇದ್ದರೆ ಅದನ್ನು ಮೆಮೊರಿ ಕಾರ್ಡಿಗೆ ಬರೆಯುವಂತೆ ಬದಲಿಸಿ. ವಿಂಡೋಸ್‌ನಲ್ಲಿ ಅಪ್‌ಡೇಟ್ ಪುಟದ ಸುಧಾರಿತ ಆಯ್ಕೆಗಳೊಳಗೆ ಡೆಲಿವರಿ ಆಪ್ಟಿಮೈಸೇಶನ್ ಇದೆ. ಬೇರೆ ಪಿಸಿಗಳಿಗೆ ಹಂಚುವುದನ್ನು ಆಫ್ ಮಾಡಿ, ಡೌನ್‌ಲೋಡಿಗೆ ಮಿತಿ ಹಾಕಿ. ಪಿಸಿ ಗೇಮುಗಳ ಅಂಗಡಿ ಸ್ಟೀಮ್‌ನಲ್ಲೂ ಡೌನ್‌ಲೋಡ್ ಮಿತಿಯ ಸೆಟ್ಟಿಂಗ್ ಇದೆ. ಟಿವಿಯ ಯೂಟ್ಯೂಬ್‌ಗೆ 720 ಸಾಕು. ಅಂದಹಾಗೆ ಯೂಟ್ಯೂಬ್ ಒಂದೇ ಸಮ ಹರಿಯುವುದಿಲ್ಲ, ಕೆಲವು ಸೆಕೆಂಡಿಗೊಮ್ಮೆ ಒಂದು ತುಂಡು ಎಳೆದುಕೊಂಡು ಸುಮ್ಮನಾಗುತ್ತದೆ. ಗೇಮಿನಲ್ಲಿ ತಾಳ ಹಾಕಿದ ಹಾಗೆ ಹದ ತಪ್ಪದೆ ಲ್ಯಾಗ್ ಬಂದರೆ ಟಿವಿಯ ಕಡೆ ನೋಡಿ.

ಆದರೆ ದಿನಾ ಎಲ್ಲರ ಫೋನು ಕಾಯುತ್ತ ಕೂರಲು ಆಗುವುದಿಲ್ಲ. ಕಾಯಂ ಪರಿಹಾರ ರೂಟರ್‌ನಲ್ಲಿ ಸರದಿಯನ್ನು ಜಾಣತನದಿಂದ ನಡೆಸುವುದು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೊಡಲ್ ಎಂಬ ವಿಧಾನ ಕೊಟ್ಟರು. ಪ್ಯಾಕೆಟ್ಟು ಸಾಲಿನಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಅದು ಅಳೆಯುತ್ತದೆ. 100 ಮಿಲಿಸೆಕೆಂಡಿನ ಅವಧಿಯಿಡೀ ಕಾಯುವ ಕಾಲ 5ಕ್ಕಿಂತ ಕೆಳಗೆ ಇಳಿಯಲೇ ಇಲ್ಲವಾದರೆ ಒಂದು ಪ್ಯಾಕೆಟ್ಟನ್ನು ಬೀಳಿಸಿ ಕಳಿಸುವವನಿಗೆ ನಿಧಾನಿಸು ಎಂದು ಸೂಚಿಸುತ್ತದೆ. ಅದಕ್ಕೆ ಒಬ್ಬೊಬ್ಬರ ಹರಿವಿಗೂ ಬೇರೆ ಬೇರೆ ಸಾಲು ಜೋಡಿಸಿದ್ದು ಎಫ್‌ಕ್ಯೂ-ಕೊಡಲ್, ಅದನ್ನು ಇನ್ನಷ್ಟು ತಿದ್ದಿದ್ದು ಕೇಕ್. ಇದು 2018ರಿಂದ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆಯ ತಿರುಳಿನ (ಕರ್ನಲ್) ಒಳಗೇ ಇದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿದ ರೂಟರ್‌ನಲ್ಲಿ ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿ, ಮೈಕ್ರೊಟಿಕ್ ಕಂಪನಿಯ ರೂಟರ್ ತಂತ್ರಾಂಶದ ಏಳನೇ ಆವೃತ್ತಿಯಲ್ಲಿ ನೇರವಾಗಿ ಸಿಗುತ್ತದೆ.

ಗುಟ್ಟು ಇಷ್ಟೇ: ರೂಟರ್‌ಗೆ ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಹೇಳಬೇಕು. ಆಗ ಘಟ್ಟದ ಕಿರಿದಾದ ತಿರುವು ಕಂಪನಿಯ ಮೋಡೆಮ್‌ನಿಂದ ನಿಮ್ಮ ರೂಟರ್‌ಗೆ ಬರುತ್ತದೆ, ಲಾರಿ ತಡೆದು ಬೈಕು ಬಿಡುವ ಅಧಿಕಾರವೂ ನಿಮ್ಮದಾಗುತ್ತದೆ. ವೇಗ ಹೇಳದೆ ಬರೀ "ಗೇಮಿಂಗ್‌ಗೆ ಆದ್ಯತೆ" ಎಂಬ ಗುಂಡಿ ಒತ್ತಿದರೆ ಫಲವಿಲ್ಲದಿರುವುದು ಇದಕ್ಕೇ. ಸಾಲು ಇರುವುದು ಬೇರೆ ಕಡೆ.

ರಾತ್ರಿ ಒಂಬತ್ತರ ಸುಮಾರಿಗೆ, ಕೇಬಲ್ ಹಾಕಿದ ಪಿಸಿಯಿಂದ ಮೂರು ಸಲ ಸ್ಪೀಡ್ ಅಳೆಯಿರಿ. ಮೂರರಲ್ಲಿ ಕಡಿಮೆ ಬಂದದ್ದನ್ನು ಹಿಡಿದು ಅದರ 90 ಶೇಕಡಾ ತೆಗೆಯಿರಿ. ಡೌನ್‌ಲೋಡ್ 94, ಅಪ್‌ಲೋಡ್ 92 ಬಂದಿದ್ದರೆ ರೂಟರ್‌ನ ಎಸ್‌ಕ್ಯೂಎಂ ಪುಟದಲ್ಲಿ 85000 ಮತ್ತು 83000 ಎಂದು ತುಂಬಿ. ಅಲ್ಲಿ ಕೇಳುವುದು ಕಿಲೋಬಿಟ್ ಲೆಕ್ಕ. 85 ಎಂದಷ್ಟೇ ಬರೆದರೆ ಇಡೀ ಮನೆಯ ನೆಟ್ ಸತ್ತ ಹಾಗಾಗುತ್ತದೆ. ಇಂಟರ್‌ಫೇಸ್ ಎಂಬಲ್ಲಿ ಹೊರಗಿನ ಲೈನನ್ನೇ ಆರಿಸಿ, ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಸಂಪರ್ಕ) ಇದ್ದರೆ ಅದನ್ನು. ಕ್ಯೂ ವಿಧಾನ ಕೇಕ್. ಲಿಂಕ್ ಲೇಯರ್ ಎಂಬಲ್ಲಿ ಈಥರ್ನೆಟ್ ಆರಿಸಿ ಓವರ್‌ಹೆಡ್ 44 ಇಟ್ಟರೆ ಮೋಸವಿಲ್ಲ. ಪ್ರತಿ ಸಾಧನಕ್ಕೂ ಸಮಪಾಲು ಎನ್ನುವ ಆಯ್ಕೆಯನ್ನೂ ಹಾಕಿ. ಇಲ್ಲವಾದರೆ ಪಾಲು ಸಂಪರ್ಕದ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ, ಐವತ್ತು ಸಂಪರ್ಕ ತೆರೆದ ಟೊರೆಂಟು ಐವತ್ತು ಪಾಲು ಹೊಡೆಯುತ್ತದೆ. ಉಳಿಸಿ ಮತ್ತೆ ಪಿಂಗ್ ಪರೀಕ್ಷೆ ಮಾಡಿ. ಲೋಡಿನಲ್ಲಿ ಏರಿಕೆ 10-20 ಮಿಲಿಸೆಕೆಂಡಿನೊಳಗಿದ್ದರೆ ಸರಿ. ಇಲ್ಲದಿದ್ದರೆ ಐದೈದು ಶೇಕಡಾ ಇಳಿಸುತ್ತ ಬನ್ನಿ.

ಇಷ್ಟು ಮಾಡಿಯೂ "ಏನೂ ಬದಲಾಗಲಿಲ್ಲ" ಎನ್ನುವವರ ಮನೆಯಲ್ಲಿ ಹುಡುಕಬೇಕಾದ್ದು ಮೂರು ಕಡೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು, ಹೊಸ ರೂಟರ್ ಇಟ್ಟ ಮೇಲೂ ಕಂಪನಿ ಕೊಟ್ಟ ಒಎನ್‌ಟಿ ಪೆಟ್ಟಿಗೆಯ (ಫೈಬರ್ ಬಂದು ಸೇರುವ ಮೋಡೆಮ್) ವೈ-ಫೈ ಉರಿಯುತ್ತಿರುವುದು. ಮನೆಯ ಅರ್ಧ ಫೋನು ಹಳೆ ಹೆಸರಿಗೇ ಸೇರಿಕೊಂಡು ಹೊಸ ರೂಟರ್‌ನ ಕಣ್ತಪ್ಪಿಸಿ ಹೋಗುತ್ತವೆ. ರೂಟರ್‌ಗೆ ಕಾಣದ ಲಾರಿಯನ್ನು ಅದು ತಡೆಯಲಾರದು. ಪೆಟ್ಟಿಗೆಯ ವೈ-ಫೈ ಆಫ್ ಮಾಡಿ, ಅದರಿಂದ ಒಂದೇ ಒಂದು ಕೇಬಲ್ ಹೊಸ ರೂಟರ್‌ನ ವ್ಯಾನ್ (ಹೊರಗಿನ ಲೈನಿನ) ಪೋರ್ಟಿಗೆ ಹೋಗಲಿ. ಸಾಧ್ಯವಾದರೆ ಕಂಪನಿಯವರಿಗೆ ಹೇಳಿ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ (ಅದು ಬರೀ ಲೈನು ದಾಟಿಸಿ, ರೂಟರ್ ಕೆಲಸ ನಿಮ್ಮದಕ್ಕೆ ಬಿಡುವ ಕ್ರಮ) ಹಾಕಿಸಿಕೊಳ್ಳಿ. ಆಗ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿ ಬರೆದಿಟ್ಟುಕೊಳ್ಳಬೇಕು, ಮನೆ ಫೋನಿನ ಲೈನು ಅದೇ ಪೆಟ್ಟಿಗೆಯಿಂದ ಬರುತ್ತಿದ್ದರೆ ಅದು ನಡೆಯುತ್ತದೆಯೇ ಎಂದೂ ಮೊದಲೇ ಕೇಳಬೇಕು. ಎರಡನೆಯದು ಹಾರ್ಡ್‌ವೇರ್ ಆಫ್‌ಲೋಡಿಂಗ್ ಎಂಬ ಆಯ್ಕೆ: ಅದು ಪ್ಯಾಕೆಟ್ಟುಗಳನ್ನು ಒಳದಾರಿಯಿಂದ ದಾಟಿಸುವುದರಿಂದ ಎಸ್‌ಕ್ಯೂಎಂ ಲೆಕ್ಕಕ್ಕೇ ಬರುವುದಿಲ್ಲ, ಆಫ್ ಮಾಡಿಡಿ. ಕೊನೆಯದು ರೂಟರ್‌ನ ಶಕ್ತಿ. ಈ ಸರದಿ ಕೆಲಸವೆಲ್ಲ ಅದರ ಪ್ರೊಸೆಸರ್ ಮೇಲೆ ಬೀಳುತ್ತದೆ. 180 ಎಂಬಿಪಿಎಸ್‌ನ ಮಿತಿ ತುಂಬಿಸಿದರೂ ಅಳತೆಯಲ್ಲಿ 90 ದಾಟದಿದ್ದರೆ ಅದಕ್ಕೆ ಏದುಸಿರು ಬಂದಿದೆ ಎಂದರ್ಥ.

ಓಪನ್‌ಡಬ್ಲ್ಯುಆರ್‌ಟಿ ಹಾಕುವ ಮೊದಲು ರೂಟರ್ ತಿರುಗಿಸಿ ತಳದ ಚೀಟಿ ಓದಿ. ಮಾದರಿ ಒಂದೇ ಇದ್ದರೂ ವಿ1, ವಿ4, ವಿ6 ಎಂಬ ಆವೃತ್ತಿಗಳ ಒಳಗಿನ ಚಿಪ್ಪು ಬೇರೆಯಿರುತ್ತದೆ. ತಪ್ಪು ಫೈಲು ಹಾಕಿದರೆ ರೂಟರ್ ಕೆಲಸಕ್ಕೆ ಬಾರದ ಇಟ್ಟಿಗೆಯಾಗುತ್ತದೆ. ಫೈಲು ಏರುತ್ತಿರುವಾಗ ಕರೆಂಟು ಹೋದರೂ ಅದೇ ಗತಿ, ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಈ ಸಾಹಸ ಬೇಡ. ಕಂಪನಿಯ ಒಎನ್‌ಟಿಗಂತೂ ಕೈ ಹಾಕಲೇಬಾರದು. ಇಷ್ಟೆಲ್ಲ ಬೇಡ ಎನ್ನುವವರು ತಮ್ಮ ರೂಟರ್‌ನ ಕ್ಯೂಒಎಸ್ (ಯಾವುದಕ್ಕೆ ಆದ್ಯತೆ ಎಂದು ಹೇಳುವ) ಪುಟದಲ್ಲಿ ಒಟ್ಟು ಬ್ಯಾಂಡ್‌ವಿಡ್ತ್ ತುಂಬುವ ಜಾಗವಿದೆಯೇ ನೋಡಿ, ಅದೇ 90 ಶೇಕಡಾ ತುಂಬಲಿ. ಕೇಕ್‌ನಷ್ಟು ನಾಜೂಕಲ್ಲದಿದ್ದರೂ ಮುಕ್ಕಾಲು ಕೆಲಸ ಆಗುತ್ತದೆ.

5ಜಿ ಮೂಲಕ ಬರುವ ಮನೆ ನೆಟ್‌ಗೆ ಈ ಲೆಕ್ಕ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಅಲ್ಲಿ ವೇಗವೇ ಗಳಿಗೆಗೊಂದು. ಮಧ್ಯಾಹ್ನ 150 ಇದ್ದದ್ದು ಸಂಜೆ 40ಕ್ಕೆ ಇಳಿದರೆ ನೀವು ತುಂಬಿಸಿದ 135 ಸುಳ್ಳಾಗಿ ಸಾಲು ಮತ್ತೆ ಟವರಿನ ಕಡೆ ಬೆಳೆಯುತ್ತದೆ. ಸಂಜೆಯ ತೀರ ಕಡಿಮೆ ಅಳತೆಗೆ ಹೊಂದಿಸಿ, ಅಥವಾ ಕೇಕ್-ಆಟೊರೇಟ್ ಎಂಬ ಉಚಿತ ತಂತ್ರಾಂಶ ಹಾಕಿ. ಅದು ಪಿಂಗ್ ನೋಡುತ್ತ ಮಿತಿಯನ್ನು ತಾನೇ ಏರಿಳಿಸುತ್ತದೆ.

ಕಾಸು ದಂಡ ಮಾಡುವ ಕೆಲವು ಸಂಗತಿಗಳನ್ನೂ ಹೇಳಬೇಕು. ಡಿಎನ್‌ಎಸ್ ಬದಲಿಸಿದರೆ ಆಟದೊಳಗಿನ ಪಿಂಗ್ ಇಳಿಯುವುದಿಲ್ಲ, ಸರ್ವರ್‌ನ ವಿಳಾಸ ಹುಡುಕಿ ಕೊಟ್ಟಲ್ಲಿಗೆ ಅದರ ಪಾತ್ರ ಮುಗಿಯಿತು. ಪಿಂಗ್ ಬೂಸ್ಟರ್ ಆ್ಯಪ್‌ಗಳು ದಾರಿ ಬದಲಿಸಬಲ್ಲವೇ ಹೊರತು ನಿಮ್ಮ ಮನೆಯ ಸಾಲನ್ನು ಕರಗಿಸಲಾರವು. ಆರು ಕೊಂಬಿನ, ಕೆಂಪು ದೀಪದ ಗೇಮಿಂಗ್ ರೂಟರ್ ನೋಡಲು ಚೆಂದ.

ಖಾಲಿ ಲೈನಿನಲ್ಲೇ ಪಿಂಗ್ ಕುಣಿದರೆ ಒಎನ್‌ಟಿಯ ಪುಟದಲ್ಲಿ ಆಪ್ಟಿಕಲ್ ಪವರ್ ನೋಡಿ. ಒಳಬರುವ ಬೆಳಕು ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಆರೋಗ್ಯ. ಮೈನಸ್ 27 ದಾಟಿದರೆ ಪ್ಯಾಕೆಟ್ಟು ಕಳೆಯತೊಡಗುತ್ತವೆ, ಆಮೇಲೆ ಕೆಂಪು ದೀಪ. ನಮ್ಮ ಕಡೆ ಕಾರಣ ಹೆಚ್ಚಾಗಿ ಕಣ್ಣಿಗೆ ಕಾಣುವಂಥದ್ದೇ: ಅಡಿಕೆ ಮರಕ್ಕೆ ಬಿಗಿದು ಕಟ್ಟಿದ ಕೇಬಲ್ ಗಾಳಿಗೆ ಜಗ್ಗಿರುತ್ತದೆ, ಕಿಟಕಿ ಸಂದಿಯಲ್ಲಿ ಚೂಪಾಗಿ ಮಡಚಿರುತ್ತದೆ, ತೆಂಗಿನ ಹೆಡೆ ಬಿದ್ದಿರುತ್ತದೆ. ಫೈಬರಿನ ಸುರುಳಿ ಮುಷ್ಟಿಗಿಂತ ಚಿಕ್ಕದಾಗಬಾರದು. ದೂರು ಕೊಡುವಾಗ "ನೆಟ್ ಸ್ಲೋ" ಎನ್ನದೆ "ಪವರ್ ಮೈನಸ್ 28 ಇದೆ, ಖಾಲಿ ಲೈನಿನಲ್ಲಿ ನೂರಕ್ಕೆ ಆರು ಪ್ಯಾಕೆಟ್ ಕಳೆಯುತ್ತಿದೆ" ಎಂದು ಅಂಕೆ ಹೇಳಿದರೆ ಬರುವವನು ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಹಿಡಿದೇ ಬರುತ್ತಾನೆ.

ಸೇವೆ ಕೊಡುವವರಲ್ಲಿ ಒಂದು ಕೋರಿಕೆ. ಮನೆಗೆ ಲೈನು ಕೊಟ್ಟು ಸ್ಪೀಡ್ ತೋರಿಸಿ ಸಹಿ ಹಾಕಿಸಿಕೊಳ್ಳುವಾಗ ಆ ಕಾಗದದಲ್ಲಿ ಇನ್ನೆರಡು ಅಂಕೆ ಬರೆಯಲಿ: ಒಎನ್‌ಟಿಗೆ ಬರುವ ಬೆಳಕಿನ ಪವರ್ ಎಷ್ಟು, ಲೈನು ತುಂಬಿದಾಗ ಪಿಂಗ್ ಎಷ್ಟು. ರೂಟರನ್ನು ಜಗುಲಿಯ ಮೂಲೆಗೆ ಹೊಡೆಯುವ ಮುನ್ನ ಮನೆಯಲ್ಲಿ ನೆಟ್ ಬೇಕಾದ್ದು ಯಾವ ಕೋಣೆಯಲ್ಲಿ ಎಂದು ಒಂದು ಮಾತು ಕೇಳಲಿ. ಹತ್ತು ಮೀಟರ್ ಹೆಚ್ಚಿನ ಫೈಬರ್ ಸಾಕು.

ಇತಿ,
ನೆಟ್‌ವರ್ಕ್ ಕೆಲಸದ ಓದುಗ,
ಕುಮಟಾ